ಹಾವಿನ ವಿಷ, ಹಲ್ಲಿಯ ಜೊಲ್ಲು, ಮೆದುಳಿನ ಕಾಯಿಲೆ: ಮದ್ದು ಎಲ್ಲಿಯವರೆಗೆ ಬಂದಿದೆ?

ಜಯನಗರದ ನಮ್ಮ ಪಾರ್ಕಿಗೆ ಬೆಳಗ್ಗೆ ವಾಕಿಂಗ್ ಬರುವ ರಿಟೈರ್ಡ್ ಮೇಷ್ಟ್ರೊಬ್ಬರಿದ್ದಾರೆ. ಅವರ ಹೆಂಡತಿಗೆ ಆರು ವರ್ಷದಿಂದ ಪಾರ್ಕಿನ್ಸನ್ ಕಾಯಿಲೆ. ಮೊನ್ನೆ ಮೂರನೇ ಸುತ್ತಿನಲ್ಲಿ ನನ್ನನ್ನು ತಡೆದು ಮೊಬೈಲ್ ಮುಂದೆ ಹಿಡಿದರು. ಹೆಡೆ ಎತ್ತಿದ ನಾಗರಹಾವಿನ ಚಿತ್ರ. ಕೆಳಗೆ ಒಂದೇ ಸಾಲು: ‘ಹಾವಿನ ವಿಷದಿಂದ ನಡುಕದ ರೋಗ, ಮರೆವಿನ ರೋಗ ಮಾಯ.’ ವಾಟ್ಸಾಪ್‌ನಲ್ಲಿ ಭಾವಮೈದುನ ಕಳಿಸಿದ್ದಂತೆ.

“ಇದು ನಿಜಾನಾ? ನಿಜ ಆದ್ರೆ ಆ ಇಂಜೆಕ್ಷನ್ ಬೆಂಗಳೂರಲ್ಲಿ ಎಲ್ಲಿ ಸಿಗುತ್ತೆ?” ಅಂತ ಕೇಳಿದರು.

ಎಲ್ಲೂ ಸಿಗುವುದಿಲ್ಲ. ಆದರೆ ಆ ಸಾಲು ಪೂರ್ತಿ ಗಾಳಿಯಲ್ಲಿ ಹುಟ್ಟಿದ್ದೂ ಅಲ್ಲ. ಅದರ ಹಿಂದೆ ಎಪ್ಪತ್ತು ವರ್ಷದ ನಿಜವಾದ ಸಂಶೋಧನೆ ಇದೆ. ಬೆಂಚಿನ ಮೇಲೆ ಕೂತು ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಹೇಳುತ್ತೇನೆ.

ಕಾಯಿಲೆ ಏನು?

ಅರವತ್ತಕ್ಕೆ ಅರಳು ಮರಳು ಅಂತ ನಮ್ಮಲ್ಲೊಂದು ಮಾತಿದೆ. ಅಜ್ಜಿ ಹೆಸರು ಮರೆತರೆ, ತಾತ ಮನೆ ದಾರಿ ತಪ್ಪಿಸಿಕೊಂಡರೆ, ವಯಸ್ಸಾಯ್ತಲ್ಲ ಅಂತ ಸುಮ್ಮನಾಗುತ್ತೇವೆ. ಆದರೆ ಎಲ್ಲ ಮರೆವೂ ವಯಸ್ಸಿನದ್ದಲ್ಲ. ಮೆದುಳಿನ ನರಕೋಶಗಳು ಒಂದೊಂದಾಗಿ ಸಾಯುತ್ತಾ ಹೋಗುವ ಕಾಯಿಲೆಗಳಿವೆ. ಅಲ್ಝೈಮರ್ ಅದರಲ್ಲೊಂದು, ಪಾರ್ಕಿನ್ಸನ್ ಇನ್ನೊಂದು. ಚರ್ಮ ಕೊಯ್ದರೆ ಮತ್ತೆ ಬೆಳೆಯುತ್ತದೆ. ನರಕೋಶ ಹಾಗಲ್ಲ, ಸತ್ತರೆ ಆ ಜಾಗ ಹೆಚ್ಚುಕಮ್ಮಿ ಖಾಲಿಯೇ.

ಪಾರ್ಕಿನ್ಸನ್‌ನಲ್ಲಿ ಸಾಯುವುದು ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ಕೋಶಗಳು. ಮೈ ಸಲೀಸಾಗಿ ಆಡಬೇಕಾದರೆ ಡೋಪಮೈನ್ ಬೇಕು. ಕೈ ನಡುಗುವುದು ಕಣ್ಣಿಗೆ ಬೀಳುವ ಹೊತ್ತಿಗೆ ಈ ಕೋಶಗಳಲ್ಲಿ ದೊಡ್ಡ ಪಾಲು ಆಗಲೇ ಹೋಗಿರುತ್ತದೆ. ಅಲ್ಝೈಮರ್‌ನಲ್ಲಿ ಮೊದಲು ಪೆಟ್ಟು ಬೀಳುವುದು ಸಾಮಾನ್ಯವಾಗಿ ನೆನಪಿನ ಭಾಗಕ್ಕೆ.

ಭಾರತದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ನೆನಪು, ಯೋಚನೆ, ದಿನದ ಕೆಲಸ ಎಲ್ಲ ಕೈಬಿಟ್ಟು ಹೋಗುವ ಸ್ಥಿತಿಗೆ ಡಿಮೆನ್ಷಿಯಾ ಅನ್ನುತ್ತಾರೆ. ಅದಕ್ಕೆ ಅತಿ ದೊಡ್ಡ ಕಾರಣ ಅಲ್ಝೈಮರ್.

ಈಗಿರುವ ಮಾತ್ರೆಗಳಲ್ಲಿ ಹೆಚ್ಚಿನವು ಕಷ್ಟ ಕಡಿಮೆ ಮಾಡುತ್ತವೆ. ಕೋಶ ಸಾಯುವುದನ್ನು ನಿಲ್ಲಿಸುವುದಿಲ್ಲ. ಅಮೆರಿಕದಲ್ಲಿ 2023ರಲ್ಲಿ ಪೂರ್ಣ ಅನುಮತಿ ಪಡೆದ ಲೆಕಾನೆಮಾಬ್ ಎಂಬ ಅಲ್ಝೈಮರ್ ಔಷಧಿ ಕಾಯಿಲೆಯ ಓಟವನ್ನು ಸ್ವಲ್ಪ ನಿಧಾನ ಮಾಡುತ್ತದೆ, ಅಷ್ಟೇ. ಕಾಯಿಲೆ ನಿಲ್ಲಿಸುವ ಮದ್ದು ಕೈಯಲ್ಲಿ ಇಲ್ಲದಿರುವುದರಿಂದಲೇ ಸಂಶೋಧಕರು ಎಲ್ಲೆಲ್ಲೋ ಹುಡುಕುತ್ತಿದ್ದಾರೆ. ಹಾವಿನ ಬಾಯಲ್ಲೂ.

ವಿಷ ಅಂದರೆ ಒಂದೇ ವಸ್ತು ಅಲ್ಲ

ಸಾರಿನ ಪುಡಿ ಒಂದೇ ಪುಡಿಯ ಹಾಗೆ ಕಾಣುತ್ತದೆ. ಒಳಗೆ ಧನಿಯ, ಜೀರಿಗೆ, ಮೆಣಸು, ಮೆಂತ್ಯ, ಒಣಮೆಣಸಿನಕಾಯಿ ಎಲ್ಲ ಬೇರೆ ಬೇರೆ. ಹಾವಿನ ವಿಷವೂ ಹಾಗೇ. ಒಂದು ಹನಿಯಲ್ಲಿ ಹತ್ತಾರು ಬಗೆಯ ಪ್ರೋಟೀನ್‌ಗಳಿರುತ್ತವೆ. ಕೆಲವು ಪ್ರಾಣಿಗಳ ವಿಷದಲ್ಲಿ ನೂರಾರು. ಒಂದು ರಕ್ತವನ್ನು ಹೆಪ್ಪುಗಟ್ಟಿಸುತ್ತದೆ, ಇನ್ನೊಂದು ಮಾಂಸ ಕರಗಿಸುತ್ತದೆ, ಮತ್ತೊಂದು ನರಕ್ಕೆ ಹೋಗುತ್ತದೆ. ಕೊಳಕುಮಂಡಲ ಕಚ್ಚಿದರೆ ರಕ್ತಸ್ರಾವ, ನಾಗರಹಾವು ಕಚ್ಚಿದರೆ ಉಸಿರು ಕಟ್ಟುವುದು. ಅವೆರಡರ ಪುಡಿಯೇ ಬೇರೆ.

ಇವುಗಳಲ್ಲಿ ಚಿಕ್ಕವಕ್ಕೆ ಪೆಪ್ಟೈಡ್ ಅನ್ನುತ್ತಾರೆ. ಪ್ರೋಟೀನ್ ಒಂದು ಮಾರು ಮಲ್ಲಿಗೆ ಅಂದುಕೊಂಡರೆ, ಪೆಪ್ಟೈಡ್ ಅದರಲ್ಲಿ ಒಂದು ತುಂಡು. ಒಂದೊಂದು ಹೂವೂ ಅಮೈನೋ ಆಮ್ಲ ಎಂಬ ಘಟಕ. ಯಾವ ಹೂವಿನ ಪಕ್ಕ ಯಾವ ಹೂವು ಎನ್ನುವುದು ಗೊತ್ತಾದರೆ ಸಾಕು, ಲ್ಯಾಬಿನಲ್ಲೇ ಅಂಥದ್ದನ್ನು ಕಟ್ಟಬಹುದು. ಆಮೇಲೆ ಹಾವು ಬೇಕಿಲ್ಲ.

ಮೇಷ್ಟ್ರಿಗೆ ಬಂದ ಸಂದೇಶ ಎಡವಿದ್ದು ಇಲ್ಲೇ. ಯಾರಿಗೂ ವಿಷ ಕೊಡುತ್ತಿಲ್ಲ. ವಿಷದೊಳಗಿನ ಒಂದೇ ಒಂದು ತುಂಡನ್ನು ಹುಡುಕಿ, ಅದರ ನಕಲು ಮಾಡಿ, ತಿದ್ದಿ, ಅದನ್ನು ಪರೀಕ್ಷೆ ಮಾಡುತ್ತಾರೆ.

ನರದ ವಿಳಾಸ ಹಾವಿಗೆ ಗೊತ್ತು

ವಿಷವೇ ಯಾಕೆ, ತುಳಸಿ ಸಾಲದಾ ಅಂತ ಕೇಳಬಹುದು. ಹಾವಿಗೆ ಓಡಲು ಕಾಲಿಲ್ಲ. ಕಚ್ಚಿದ ಇಲಿ ದೂರ ಹೋಗುವ ಮೊದಲೇ ಬೀಳಬೇಕು. ಕೋಟ್ಯಂತರ ವರ್ಷಗಳಲ್ಲಿ ಇಲಿಯ ನರದ ಯಾವ ಜಾಗಕ್ಕೆ ಕೈ ಹಾಕಿದರೆ ಕೆಲಸ ಬೇಗ ಆಗುತ್ತದೋ ಆ ಜಾಗಕ್ಕೆ ಸರಿಯಾಗಿ ಕೂರುವಂಥ ಪ್ರೋಟೀನ್‌ಗಳೇ ಉಳಿದುಕೊಂಡವು. ಇಲಿಯ ನರಕ್ಕೂ ನಮ್ಮ ನರಕ್ಕೂ ಬಹಳ ವ್ಯತ್ಯಾಸ ಇಲ್ಲ.

ನರ ಸ್ನಾಯುವಿಗೆ ಮುಟ್ಟುವ ಜಾಗದಲ್ಲಿ ಚಿಕ್ಕ ಸಂದು ಇರುತ್ತದೆ. ಆ ಸಂದಿನಲ್ಲಿ ಸುದ್ದಿ ಒಯ್ಯುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ. ಅದು ಬೀಗದ ಕೈ ಅಂದುಕೊಳ್ಳಿ. ಸ್ನಾಯುವಿನ ಮೇಲೆ ಬೀಗಗಳಿವೆ. ಬೀಗದ ಕೈ ತಿರುಗಿತು, ಸ್ನಾಯು ಬಿಗಿಯಿತು. ಕೆಲಸ ಮುಗಿದ ಮೇಲೆ ಬಿದ್ದ ಬೀಗದ ಕೈಗಳನ್ನು ಗುಡಿಸಿ ಹಾಕಲು ಒಂದು ಕಿಣ್ವ ಇದೆ. ಕಿಣ್ವ ಅಂದರೆ ಎನ್‌ಜೈಮ್. ಅದೊಂಥರಾ ಆ ಬೀದಿಯ ಪೌರಕಾರ್ಮಿಕ.

ಕಟ್ಟುಹಾವಿನ ವಿಷದ ಒಂದು ಪ್ರೋಟೀನ್ ಆ ಬೀಗದೊಳಗೆ ಮುರಿದ ಬೀಗದ ಕೈಯಂತೆ ಸಿಕ್ಕಿಕೊಳ್ಳುತ್ತದೆ. ತಿರುಗುವುದೂ ಇಲ್ಲ, ಬರುವುದೂ ಇಲ್ಲ. ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಟ್ಟುಹಾವು ಕಚ್ಚಿದರೆ ನೋವೂ ಅಷ್ಟಾಗಿ ಗೊತ್ತಾಗದೆ, ಬೆಳಗಾಗುವಷ್ಟರಲ್ಲಿ ರೆಪ್ಪೆ ಜೋತು ಬಿದ್ದು ಉಸಿರು ನಿಲ್ಲುವುದು ಹೀಗೆ ನರದ ಸುದ್ದಿ ತಡೆಯುವ ಪ್ರೋಟೀನ್‌ಗಳಿಂದಲೇ. ತೈವಾನಿನ ಚಾಂಗ್ ಮತ್ತು ಲೀ ಎಂಬ ಇಬ್ಬರು ವಿಜ್ಞಾನಿಗಳು ಅಲ್ಲಿಯ ಕಟ್ಟುಹಾವಿನಿಂದ ಈ ಪ್ರೋಟೀನ್ ಬೇರ್ಪಡಿಸಿದ್ದು 1963ರಲ್ಲಿ. ಆ ಬೀಗ ನೋಡಲು ಹೇಗಿದೆ ಅಂತಲೇ ಜಗತ್ತಿಗೆ ಆಗ ಗೊತ್ತಿರಲಿಲ್ಲ. ಬಿಗಿಯಾಗಿ ಹಿಡಿದ ಈ ವಿಷವನ್ನೇ ಕೊಕ್ಕೆ ಮಾಡಿಕೊಂಡು ಬೀಗವನ್ನು ಹೊರಗೆಳೆದರು. ಸ್ನಾಯುಗಳು ಸೋಲುವ ಮಯಸ್ತೇನಿಯಾ ಗ್ರೇವಿಸ್ ಎಂಬ ಕಾಯಿಲೆಯ ಮೂಲ ಗೊತ್ತಾಗಲು ದಾರಿ ಆದದ್ದು ಅದು. ವಿಷ ಔಷಧಿ ಆಗುವ ಮೊದಲು ಉಪಕರಣ ಆಗಿತ್ತು ಅನ್ನುವುದನ್ನು ನಾವು ಮರೆಯುತ್ತೇವೆ.

ಆಫ್ರಿಕಾದ ಹಸಿರು ಮಾಂಬಾ ಹಾವಿನದ್ದು ಉಲ್ಟಾ ಉಪಾಯ. ಅದರ ವಿಷದಲ್ಲಿರುವ ಫ್ಯಾಸಿಕ್ಯುಲಿನ್ ಎಂಬ ಪ್ರೋಟೀನ್ ಬೀಗ ಮುಟ್ಟುವುದಿಲ್ಲ, ಗುಡಿಸುವವನನ್ನು ಕಟ್ಟಿಹಾಕುತ್ತದೆ. ಬೀಗದ ಕೈ ರಾಶಿ ಬಿದ್ದು ಸ್ನಾಯು ತಡೆಯಿಲ್ಲದೆ ಅದುರುತ್ತದೆ.

ಅಲ್ಝೈಮರ್‌ಗೆ ಡಾಕ್ಟರು ಬರೆಯುವ ಡೊನೆಪೆಜಿಲ್ ಮಾತ್ರೆ ಇದೆಯಲ್ಲ, ಅದು ತಡೆಯುವುದೂ ಇದೇ ಗುಡಿಸುವ ಕಿಣ್ವವನ್ನು! ಅಲ್ಝೈಮರ್‌ನಲ್ಲಿ ಅಸಿಟೈಲ್‌ಕೋಲಿನ್ ತಯಾರಿಸುವ ಕೋಶಗಳು ಸಾಯುತ್ತವೆ. ಇರುವ ಸ್ವಲ್ಪವೇ ಜಾಸ್ತಿ ಹೊತ್ತು ಉಳಿಯಲಿ ಅಂತ ಗುಡಿಸುವವನ ಕೈ ನಿಧಾನ ಮಾಡುತ್ತಾರೆ. ಡೊನೆಪೆಜಿಲ್ ಬಂದದ್ದು ಹಾವಿನಿಂದಲ್ಲ. ಮನುಷ್ಯನ ಲ್ಯಾಬೂ ಹಾವಿನ ಹಲ್ಲೂ ಬೇರೆ ಬೇರೆ ದಾರಿಯಲ್ಲಿ ಒಂದೇ ಬಾಗಿಲಿಗೆ ಬಂದವು, ಅಷ್ಟೇ. ಮಾತ್ರೆ ಮೆಲ್ಲಗೆ ತಟ್ಟುತ್ತದೆ, ಮಾಂಬಾ ಒದೆಯುತ್ತದೆ.

ಒಂದು ತಪ್ಪು ಲೆಕ್ಕ, ಒಂದು ನೊಬೆಲ್

ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಕತೆ ರೀಟಾ ಲೆವಿ ಮೊಂಟಾಲ್ಚಿನಿ ಅವರದ್ದು. ಇಟಲಿಯ ಯಹೂದಿ ಹೆಣ್ಣುಮಗಳು. ಮುಸೊಲಿನಿ ಸರ್ಕಾರದ ಜನಾಂಗೀಯ ಕಾನೂನುಗಳಿಂದ ಕೆಲಸ ಹೋಯಿತು. ಮಲಗುವ ಕೋಣೆಯನ್ನೇ ಲ್ಯಾಬ್ ಮಾಡಿಕೊಂಡು ಕೋಳಿ ಮೊಟ್ಟೆಯೊಳಗಿನ ಭ್ರೂಣದ ನರಗಳನ್ನು ನೋಡುತ್ತಾ ಕೂತರು. ಯುದ್ಧ ಮುಗಿದ ಮೇಲೆ ಅಮೆರಿಕದ ಸೇಂಟ್ ಲೂಯಿಸ್‌ಗೆ ಹೋದರು. ಮುಂದೆ, ಇಲಿಯಲ್ಲಿ ಬೆಳೆದ ಒಂದು ಬಗೆಯ ಕ್ಯಾನ್ಸರ್ ಗಡ್ಡೆಯ ಪಕ್ಕ ನರ ಇಟ್ಟರೆ ಅದು ಸೂರ್ಯನ ಕಿರಣದ ಹಾಗೆ ಸುತ್ತಲೂ ಬೆಳೆಯುವುದು ಕಂಡಿತು. ಗಡ್ಡೆಯಲ್ಲಿ ನರ ಬೆಳೆಸುವ ಏನೋ ಇದೆ. ಏನದು?

1950ರ ದಶಕದಲ್ಲಿ ಜೊತೆಗಾರ ಸ್ಟ್ಯಾನ್ಲಿ ಕೋಹೆನ್ ಅದನ್ನು ಪರೀಕ್ಷಿಸಲು ಹಾವಿನ ವಿಷ ಬೆರೆಸಿದರು. ವಿಷದಲ್ಲಿ ಡಿಎನ್‌ಎ ಜಾತಿಯ ವಸ್ತುಗಳನ್ನು ಒಡೆಯುವ ಕಿಣ್ವ ಇದೆ. ಆ ‘ಏನೋ’ ಡಿಎನ್‌ಎ ಜಾತಿಯದ್ದಾದರೆ ಒಡೆದುಹೋಗಿ ನರ ಬೆಳೆಯುವುದು ನಿಲ್ಲಬೇಕು. ನಿಲ್ಲಲಿಲ್ಲ, ಇನ್ನೂ ಜೋರಾಗಿ ಬೆಳೆಯಿತು. ಗಡ್ಡೆ ತೆಗೆದು ಬರೀ ವಿಷ ಹಾಕಿದರೂ ಬೆಳೆಯಿತು. ನರ ಬೆಳೆಸುವ ಪ್ರೋಟೀನ್ ವಿಷದಲ್ಲೇ ದಂಡಿಯಾಗಿತ್ತು. ಹಾವಿನ ವಿಷಗ್ರಂಥಿ ನಮ್ಮ ಜೊಲ್ಲಿನ ಗ್ರಂಥಿಯ ಜಾತಿಯದ್ದು. ಹಾಗಾದರೆ ಇಲಿಯ ಜೊಲ್ಲಿನ ಗ್ರಂಥಿಯಲ್ಲೂ ಇರಬಹುದಾ ಅಂತ ನೋಡಿದರು. ಇತ್ತು. ಅದಕ್ಕೆ ‘ನರ್ವ್ ಗ್ರೋತ್ ಫ್ಯಾಕ್ಟರ್’ ಅಂತ ಹೆಸರಾಯಿತು. ಇಬ್ಬರಿಗೂ 1986ರಲ್ಲಿ ನೊಬೆಲ್ ಬಂತು.

ನರ ಬೆಳೆಸುವ ವಸ್ತು ಸಿಕ್ಕಿದ ಮೇಲೆ ಅಲ್ಝೈಮರ್‌ಗೆ ಯಾಕಾಗಬಾರದು? ಪ್ರಯತ್ನ ಆಯಿತು. ಇಂಜೆಕ್ಷನ್ ಕೊಟ್ಟರೆ ಈ ಪ್ರೋಟೀನ್ ಮೆದುಳಿಗೆ ಹೋಗುವುದಿಲ್ಲ. ಹಾಗಾಗಿ ಅದರ ಜೀನನ್ನೇ ಆಪರೇಷನ್ ಮಾಡಿ ರೋಗಿಗಳ ಮೆದುಳಿಗೆ ಇಟ್ಟು ನೋಡಿದರು. 2018ರಲ್ಲಿ ಬಂದ ಫಲಿತಾಂಶದಲ್ಲಿ ನೆನಪಿಗೆ ಲಾಭ ಕಾಣಲಿಲ್ಲ.

ಮೆಡಿಕಲ್ ಸ್ಟೋರಿನಲ್ಲಿ ಆಗಲೇ ಇರುವವು

ನಿಮ್ಮ ಮನೆಯಲ್ಲಿ ಬಿಪಿ ಮಾತ್ರೆ ಇದ್ದರೆ ಹೆಸರು ನೋಡಿ. ಕೊನೆಯಲ್ಲಿ ‘ಪ್ರಿಲ್’ ಅಂತ ಇದೆಯಾ? ರಾಮಿಪ್ರಿಲ್, ಎನಲಾಪ್ರಿಲ್? ಆ ಮನೆತನದ ಹಿರಿಯ ಕ್ಯಾಪ್ಟೋಪ್ರಿಲ್. ಬ್ರೆಜಿಲ್‌ನ ಜರರಾಕಾ ಎಂಬ ಮಂಡಲದ ಹಾವಿನ ವಿಷದಲ್ಲಿ ಬಿಪಿ ಇಳಿಸುವ ಗುಣ ಇರುವುದನ್ನು ಸೆರ್ಜಿಯೊ ಫೆರೇರಾ ಕಂಡರು. ಅದೇ ಜಾಡಿನಲ್ಲಿ ಹೋಗಿ ತಯಾರಿಸಿದ ಮಾತ್ರೆಗೆ ಅಮೆರಿಕದಲ್ಲಿ 1981ರಲ್ಲಿ ಅನುಮತಿ ಸಿಕ್ಕಿತು. ನಮ್ಮಲ್ಲೂ ಇರುವ ಗರಗಸ ಮಂಡಲದ ವಿಷವನ್ನು ಮಾದರಿಯಾಗಿಟ್ಟುಕೊಂಡು ಹೃದಯಾಘಾತದಲ್ಲಿ ಬಳಸುವ ಟಿರೋಫಿಬಾನ್ ಬಂತು. ಈ ಮಾತ್ರೆ, ಇಂಜೆಕ್ಷನ್ ಯಾವುದರಲ್ಲೂ ಹಾವಿನ ವಿಷ ಒಂದು ಹನಿಯೂ ಇಲ್ಲ.

ಮರುಭೂಮಿಯ ಹಲ್ಲಿ ಮತ್ತು ಪಾರ್ಕಿನ್ಸನ್

ಮೇಷ್ಟ್ರ ಪ್ರಶ್ನೆಗೆ ತೀರಾ ಹತ್ತಿರದ ಉತ್ತರ ಹಾವಲ್ಲ, ಹಲ್ಲಿ. ಅಮೆರಿಕ, ಮೆಕ್ಸಿಕೋ ಮರುಭೂಮಿಯ ಗಿಲಾ ಮಾನ್‌ಸ್ಟರ್. ನೋಡಲು ನಮ್ಮ ಉಡದ ಗಿಡ್ಡ ದಾಯಾದಿ ಅನ್ನಬಹುದು, ಮೈಮೇಲೆ ಕಪ್ಪು ಕಿತ್ತಳೆ ಮಣಿ ಪೋಣಿಸಿದ ಹಾಗೆ. ವರ್ಷದಲ್ಲಿ ಕೆಲವೇ ಸಲ ಊಟ. ಇದರ ಜೊಲ್ಲಿನಲ್ಲಿ ವಿಷ ಇದೆ.

ನ್ಯೂಯಾರ್ಕಿನ ಡಾಕ್ಟರ್ ಜಾನ್ ಎಂಗ್ 1990ರ ದಶಕದ ಆರಂಭದಲ್ಲಿ ಆ ವಿಷದಿಂದ 39 ಹೂವಿನ ಒಂದು ಪೆಪ್ಟೈಡ್ ಬೇರ್ಪಡಿಸಿದರು. ಹೆಸರು ಎಕ್ಸೆಂಡಿನ್-4. ಊಟ ಆದ ಮೇಲೆ ನಮ್ಮ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನ್ ಬಿಡುತ್ತದೆ. ಸಕ್ಕರೆ ಬಂತು, ಇನ್ಸುಲಿನ್ ಬಿಡು ಅಂತ ಅದು ಮೇದೋಜೀರಕ ಗ್ರಂಥಿಗೆ ಹೇಳುತ್ತದೆ. ಹಲ್ಲಿಯ ಪೆಪ್ಟೈಡ್ ಅರ್ಧಕ್ಕರ್ಧ ಅದೇ ಥರ. ಒಂದು ದೊಡ್ಡ ವ್ಯತ್ಯಾಸ: ನಮ್ಮದು ಎರಡು ಮೂರು ನಿಮಿಷದಲ್ಲೇ ಒಡೆದುಹೋಗುತ್ತದೆ, ಹಲ್ಲಿಯದ್ದು ಗಂಟೆಗಟ್ಟಲೆ ನಿಲ್ಲುತ್ತದೆ. ಲ್ಯಾಬಿನಲ್ಲಿ ತಯಾರಿಸಿದ ಇದರ ರೂಪ ಎಕ್ಸೆನಟೈಡ್, 2005ರಲ್ಲಿ ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯ ಔಷಧಿಯಾಗಿ ಬಂತು. ಇವತ್ತು ತೂಕ ಇಳಿಸಲು ಎಲ್ಲರ ಬಾಯಲ್ಲಿರುವ ಸೆಮಾಗ್ಲುಟೈಡ್ ಇದೇ ಗುಂಪಿನದ್ದು. ಆದರೆ ಅದನ್ನು ಕಟ್ಟಿರುವುದು ಮನುಷ್ಯನ ಹಾರ್ಮೋನಿನ ಮಾದರಿಯಲ್ಲಿ, ಹಲ್ಲಿಯದ್ದಲ್ಲ.

ಸಕ್ಕರೆ ಕಾಯಿಲೆಯ ಔಷಧಿಗೂ ನಡುಕಕ್ಕೂ ಏನು ನಂಟು? ಜಿಎಲ್‌ಪಿ-1 ಕೂರುವ ಬೀಗಗಳು ಮೆದುಳಿನಲ್ಲೂ ಇವೆ. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಎಕ್ಸೆನಟೈಡ್ ಡೋಪಮೈನ್ ಕೋಶಗಳನ್ನು ಕಾಪಾಡುವಂತೆ ಕಂಡಿತು. ಲಂಡನ್ನಿನ ತಂಡವೊಂದು 62 ಪಾರ್ಕಿನ್ಸನ್ ರೋಗಿಗಳಲ್ಲಿ ಪರೀಕ್ಷಿಸಿ 2017ರಲ್ಲಿ ಫಲಿತಾಂಶ ಹೇಳಿತು. ಔಷಧಿ ಸಿಕ್ಕವರು ಸ್ವಲ್ಪ ಸುಧಾರಿಸಿದ್ದರು. ಬರೀ ನೀರಿನಂಥ ಇಂಜೆಕ್ಷನ್ ಸಿಕ್ಕವರು ಸ್ವಲ್ಪ ಇಳಿದಿದ್ದರು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ಮೇಷ್ಟ್ರಿಗೆ ಬಂದಂಥ ಸಂದೇಶಗಳು ಹುಟ್ಟುವುದು ಇಂಥ ಗಳಿಗೆಯಲ್ಲಿ.

ಆದರೆ 62 ಜನ ಅಂದರೆ ಒಂದು ಭಾನುವಾರ ಬೆಳಗ್ಗೆ ಸಿಲ್ಕ್ ಬೋರ್ಡ್ ಜಂಕ್ಷನ್ ನೋಡಿದ ಹಾಗೆ. ಖಾಲಿ ಇತ್ತು, ನಿಜ. ಟ್ರಾಫಿಕ್ ಸಮಸ್ಯೆ ಮುಗಿಯಿತು ಅನ್ನಬೇಕಾದರೆ ಸೋಮವಾರವೂ ನೋಡಬೇಕು, ಮಳೆ ಬಂದಾಗಲೂ ನೋಡಬೇಕು. ಔಷಧಿಯ ಪರೀಕ್ಷೆ ಹಂತ ಹಂತವಾಗಿ ನಡೆಯುವುದು ಇದಕ್ಕೇ. ಮೊದಲ ಹಂತದಲ್ಲಿ ಅಪಾಯ ಇದೆಯಾ ಅಂತ. ಎರಡನೆಯದರಲ್ಲಿ ಕೆಲಸ ಮಾಡುವ ಸುಳಿವಿದೆಯಾ ಅಂತ. ಮೂರನೆಯದರಲ್ಲಿ ಜಾಸ್ತಿ ಜನ, ಜಾಸ್ತಿ ದಿನ.

ಆ ಸೋಮವಾರ ಬಂತು. ಬ್ರಿಟನ್ನಿನ ಆರು ಆಸ್ಪತ್ರೆಗಳಲ್ಲಿ 194 ರೋಗಿಗಳು, 96 ವಾರ, ವಾರಕ್ಕೊಂದು ಇಂಜೆಕ್ಷನ್. 2025ರ ಆರಂಭದಲ್ಲಿ ಪ್ರಕಟವಾದ ಫಲಿತಾಂಶ: ಎರಡೂ ಗುಂಪಿನವರಿಗೆ ಕಾಯಿಲೆ ಹೆಚ್ಚುಕಮ್ಮಿ ಒಂದೇ ವೇಗದಲ್ಲಿ ಹೆಚ್ಚಾಗಿತ್ತು. ಔಷಧಿಯಿಂದ ಲಾಭ ಇರಲಿಲ್ಲ.

ಅದೇ ಹಲ್ಲಿಯ ಪೆಪ್ಟೈಡ್‌ನ ಇನ್ನೊಂದು ರೂಪ ಲಿಕ್ಸಿಸೆನಟೈಡ್. ಫ್ರಾನ್ಸಿನಲ್ಲಿ ಕಾಯಿಲೆಯ ಆರಂಭದಲ್ಲಿದ್ದ 156 ರೋಗಿಗಳಲ್ಲಿ ಪರೀಕ್ಷೆಯಾಗಿ 2024ರಲ್ಲಿ ಫಲಿತಾಂಶ ಬಂತು. ಒಂದು ವರ್ಷದಲ್ಲಿ ಔಷಧಿ ಸಿಕ್ಕವರ ಚಲನೆ ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು, ಉಳಿದವರದ್ದು ಡಾಕ್ಟರುಗಳು ಚಲನೆ ಅಳೆಯುವ ಅಂಕಪಟ್ಟಿಯಲ್ಲಿ ಮೂರು ಅಂಕದಷ್ಟು ಕೆಟ್ಟಿತ್ತು. ಔಷಧಿ ತೆಗೆದುಕೊಂಡವರಲ್ಲಿ ಅರ್ಧದ ಹತ್ತಿರ ಜನಕ್ಕೆ ವಾಕರಿಕೆ. ಇದು ಎರಡನೇ ಹಂತ. ಇದಕ್ಕೂ ಅದರ ಸೋಮವಾರ ಬರಬೇಕು. ಅಂದಹಾಗೆ ಸೆಮಾಗ್ಲುಟೈಡ್ ಮಾತ್ರೆಯನ್ನು ಆರಂಭದ ಅಲ್ಝೈಮರ್ ಇದ್ದ ಸಾವಿರಾರು ಜನರಲ್ಲಿ ಪರೀಕ್ಷಿಸಿದ ಎರಡು ದೊಡ್ಡ ಟ್ರಯಲ್‌ಗಳೂ ಕಾಯಿಲೆಯನ್ನು ನಿಧಾನ ಮಾಡಲಿಲ್ಲ ಎಂದು 2025ರ ನವೆಂಬರ್‌ನಲ್ಲಿ ಗೊತ್ತಾಯಿತು.

ಮೆದುಳಿನ ಗೇಟು

ಇಂಥ ಮದ್ದುಗಳಿಗೆ ಇರುವ ಒಂದು ದೊಡ್ಡ ಅಡ್ಡಿ ಮೆದುಳಿನ ಕಾವಲು. ನಮ್ಮ ಅಪಾರ್ಟ್‌ಮೆಂಟ್‌ಗಳ ಗೇಟಿನ ಹಾಗೆ. ಡೆಲಿವರಿ ಹುಡುಗ ಬೀದಿಯಲ್ಲೆಲ್ಲ ಓಡಾಡಬಹುದು, ಒಳಗೆ ಹೋಗಬೇಕಾದರೆ ಸೆಕ್ಯುರಿಟಿ ಬಿಡಬೇಕು. ಮೆದುಳಿನ ರಕ್ತನಾಳಗಳ ಗೋಡೆ ಅಷ್ಟು ಬಿಗಿ. ದೊಡ್ಡ ಪ್ರೋಟೀನ್‌ಗಳಿಗೆ ಪ್ರವೇಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಪಾರ್ಕಿನ್ಸನ್‌ಗೆ ಡೋಪಮೈನ್ ಕಡಿಮೆ ಅಂತ ಡೋಪಮೈನನ್ನೇ ಕೊಟ್ಟರೆ ಅದು ಗೇಟಿನಲ್ಲೇ ನಿಲ್ಲುತ್ತದೆ. ಲೆವೊಡೋಪಾ ಕೊಡುವುದು ಅದಕ್ಕೆ. ಅದು ನೋಡಲು ಆಹಾರದ ಅಮೈನೋ ಆಮ್ಲದ ಹಾಗೆ ಇರುವುದರಿಂದ ಗೇಟು ದಾಟಿ, ಒಳಗೆ ಹೋಗಿ ಡೋಪಮೈನ್ ಆಗುತ್ತದೆ. ಬೇಳೆ, ಮೊಟ್ಟೆ, ಹಾಲಿನ ಜೊತೆ ನುಂಗಿದರೆ ಕೆಲವರಿಗೆ ಈ ಮಾತ್ರೆ ಸರಿಯಾಗಿ ಹಿಡಿಯದಿರುವುದೂ ಇದಕ್ಕೇ. ಅದೇ ಬಾಗಿಲಿಗೆ ಅವುಗಳ ಅಮೈನೋ ಆಮ್ಲಗಳೂ ಕ್ಯೂ ನಿಂತಿರುತ್ತವೆ. (ನಮ್ಮ ನಸುಗುನ್ನಿ ಕಾಯಿಯ ಬೀಜದಲ್ಲೂ ಲೆವೊಡೋಪಾ ಇದೆ. ಹಾಗಂತ ಮನೆಯಲ್ಲಿ ಅರೆದು ಕುಡಿಯುವಂಥದ್ದಲ್ಲ. ಪ್ರಮಾಣ ಬೀಜದಿಂದ ಬೀಜಕ್ಕೆ ಬೇರೆ.)

ಶಂಖದ ಹುಳುವೊಂದರ ವಿಷದಿಂದ ಬಂದ ಝಿಕೊನೊಟೈಡ್ ಎಂಬ ನೋವಿನ ಔಷಧಿಗೆ 2004ರಲ್ಲಿ ಅನುಮತಿ ಸಿಕ್ಕಿತು. ಅದನ್ನು ಪಂಪ್ ಇಟ್ಟು ಬೆನ್ನುಹುರಿಯ ದ್ರವಕ್ಕೇ ಬಿಡಬೇಕು, ಬೇರೆ ದಾರಿ ಇಲ್ಲ. ಇನ್ನು ಬಾಯಿಂದ ವಿಷ ನುಂಗಿದರೆ? ಹೊಟ್ಟೆ ಅದನ್ನು ಬಹುಮಟ್ಟಿಗೆ ಬೇಳೆಯ ಪ್ರೋಟೀನಿನ ಹಾಗೇ ಅರಗಿಸಿಬಿಡುತ್ತದೆ. ಯಾರೂ ಪ್ರಯತ್ನ ಮಾಡಬೇಡಿ, ವಿಷ ರಕ್ತಕ್ಕೆ ಸೇರಲು ಬಾಯಲ್ಲೊಂದು ಹುಣ್ಣಿದ್ದರೆ ಸಾಕು.

ಗೇಟು ದಾಟುವ ವಿಷವೂ ಉಂಟು. ಜೇನುಹುಳದ ವಿಷದಲ್ಲಿರುವ ಅಪಮಿನ್ ಬರೀ 18 ಹೂವಿನ ತುಂಡು, ಮೆದುಳಿಗೆ ಹೋಗುತ್ತದೆ. ಆ ಆಸೆಯಿಂದ ಫ್ರಾನ್ಸಿನಲ್ಲಿ 40 ಪಾರ್ಕಿನ್ಸನ್ ರೋಗಿಗಳ ಒಂದು ಟ್ರಯಲ್‌ನಲ್ಲಿ ತಿಂಗಳಿಗೊಮ್ಮೆ ಜೇನಿನ ವಿಷ ಕೊಟ್ಟು ನೋಡಿದರು. 2016ರಲ್ಲಿ ಬಂದ ಉತ್ತರ, ವ್ಯತ್ಯಾಸ ಇಲ್ಲ. ಜೇನಿನ ವಿಷ ಕೆಲವರಿಗೆ ಪ್ರಾಣಕ್ಕೇ ಅಲರ್ಜಿ. ‘ಬೀ ಥೆರಪಿ’ ಬೋರ್ಡ್ ನೋಡಿದಾಗ ಇದು ನೆನಪಿರಲಿ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಗ್ಲೆನ್ ಕಿಂಗ್ ಅವರ ತಂಡ ಫನಲ್‌ವೆಬ್ ಜೇಡದ ವಿಷದ ಒಂದು ಪೆಪ್ಟೈಡ್‌ನಿಂದ, ಪಾರ್ಶ್ವವಾಯು ಆಗಿ ಎಂಟು ಗಂಟೆ ಕಳೆದ ಇಲಿಗಳಲ್ಲೂ ಮೆದುಳಿನ ಹಾನಿ ಕಡಿಮೆಯಾದದ್ದನ್ನು 2017ರಲ್ಲಿ ತೋರಿಸಿತು. ಇಲಿಗಳಲ್ಲಿ. ಆ ಪದ ಸುದ್ದಿಯ ತಲೆಬರಹದಲ್ಲಿ ಇರುವುದೇ ಇಲ್ಲ, ಅಲ್ವಾ?

ನಮ್ಮ ಊರಿನಲ್ಲಿ

ಹಾವು, ಮೆದುಳು ಎರಡರ ಬಗ್ಗೆಯೂ ಬೆಂಗಳೂರಿನಲ್ಲಿ ಕೆಲಸ ನಡೆಯುತ್ತಿದೆ. ಬೇರೆ ಬೇರೆಯಾಗಿ. ಮಲ್ಲೇಶ್ವರದ ಹತ್ತಿರದ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಕಾರ್ತಿಕ್ ಸುನಗರ್ ಅವರ ಲ್ಯಾಬ್ ಹಾವಿನ ವಿಷದ ಬಗ್ಗೆ ಕೆಲಸ ಮಾಡುತ್ತದೆ. ಒಂದೇ ಜಾತಿಯ ಹಾವಾದರೂ ಊರಿಂದ ಊರಿಗೆ ವಿಷ ಬದಲಾಗುತ್ತದೆ ಎಂದು ಅವರು ತೋರಿಸಿದ್ದಾರೆ. ಹಾವು ಕಚ್ಚಿದವರಿಗೆ ಕೊಡುವ ನಮ್ಮ ಆ್ಯಂಟಿವೆನಮ್‌ಗೆ ಬೇಕಾದ ವಿಷ ಬಹುಪಾಲು ಬರುವುದು ಚೆನ್ನೈ ಬಳಿಯ, ಹಾವು ಹಿಡಿಯುವ ಇರುಳ ಬುಡಕಟ್ಟಿನವರ ಸಹಕಾರ ಸಂಘದಿಂದ. ಹಾಗಾಗಿ ದೂರದ ಊರುಗಳಲ್ಲಿ ಅದು ಅಷ್ಟು ಚೆನ್ನಾಗಿ ಹಿಡಿಯದೇ ಇರಬಹುದು. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ಸರ್ಕಾರಕ್ಕೆ ತಿಳಿಸಬೇಕಾದ ಪ್ರಕರಣ ಎಂದು ಮಾಡಿತು.

ಅದೇ ಕ್ಯಾಂಪಸ್ಸಿನ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಹಿಂಬಾಲಿಸಿ, ಮರೆವು ಯಾರಿಗೆ, ಯಾಕೆ ಬರುತ್ತದೆ ಅಂತ ನೋಡುತ್ತಿದೆ. ಇವೆರಡೂ ಮೇಷ್ಟ್ರು ಕೇಳಿದ ಇಂಜೆಕ್ಷನ್ ತಯಾರಿಸುವ ಜಾಗಗಳಲ್ಲ.

ಇನ್ನೊಂದು ವಿಷಯ. ಹಾವುಗಳಿಗೆ ವನ್ಯಜೀವಿ ಕಾನೂನಿನ ರಕ್ಷಣೆ ಇದೆ. ಅನುಮತಿ ಇಲ್ಲದೆ ಹಾವು ಹಿಡಿದು ವಿಷ ತೆಗೆಯುವುದು ಅಪರಾಧ. ‘ಒರಿಜಿನಲ್ ನಾಗರ ವಿಷದ ಎಣ್ಣೆ’ ಮಾರುವವನ ಬಳಿ ನಿಜವಾಗಿ ವಿಷ ಇದ್ದರೆ ಅವನು ಕಾನೂನು ಮುರಿದಿದ್ದಾನೆ, ಇಲ್ಲದಿದ್ದರೆ ನಿಮ್ಮ ಜೇಬು ಕತ್ತರಿಸಿದ್ದಾನೆ.

ಯಾರಾದರೂ ‘ಟ್ರಯಲ್’ ಅಂದರೆ

ಭಾರತದಲ್ಲಿ ಮನುಷ್ಯರ ಮೇಲೆ ಔಷಧಿ ಪರೀಕ್ಷೆ ಮಾಡುವ ಮೊದಲು ಸಿಟಿಆರ್‌ಐ ಎಂಬ ಸರ್ಕಾರಿ ದಾಖಲೆಯಲ್ಲಿ ನೋಂದಾಯಿಸಬೇಕು. 2009ರಿಂದ ಕಡ್ಡಾಯ. ಅದರ ವೆಬ್‌ಸೈಟ್ ಎಲ್ಲರಿಗೂ ತೆರೆದಿದೆ. ಕಾಯಿಲೆಯ ಹೆಸರು ಹಾಕಿ ಹುಡುಕಿದರೆ ಯಾವ ಆಸ್ಪತ್ರೆ, ಯಾವ ಹಂತ, ಯಾರನ್ನು ಸೇರಿಸಿಕೊಳ್ಳುತ್ತಾರೆ ಎಲ್ಲ ಸಿಗುತ್ತದೆ. ಪರೀಕ್ಷೆಯ ಔಷಧಿಗೆ ರೋಗಿಯಿಂದ ದುಡ್ಡು ಕೇಳುವಂತಿಲ್ಲ. ಲಿಖಿತ ಒಪ್ಪಿಗೆ ಬೇಕು, ನಿಮಗೆ ಅರ್ಥವಾಗುವ ಭಾಷೆಯಲ್ಲಿ. ದುಡ್ಡು ಕೇಳಿದರೆ ಅದು ಟ್ರಯಲ್ ಅಲ್ಲ, ವ್ಯಾಪಾರ.

ಮೇಷ್ಟ್ರು ಇಷ್ಟನ್ನೂ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಜೇಬಿನಿಂದ ಹಾಲಿನ ಲೆಕ್ಕದ ಪುಟ್ಟ ಪುಸ್ತಕ ತೆಗೆದು, ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಕೇಳಲು ಒಂದು ಸಾಲು ಬರೆದುಕೊಂಡರು. ಹಾವಿನದ್ದಲ್ಲ. “ಇವಳು ಮಾತ್ರೆ ತಗೊಳ್ಳೋದು ಬೆಳಗ್ಗೆ ಹಾರ್ಲಿಕ್ಸ್ ಜೊತೆಗೇ ಕಣ್ರೀ, ಆರು ವರ್ಷದಿಂದ” ಅಂದರು.